ಬಚ್ಚಲಿಗೆ ಇಳಿದ ಜ್ವಾಲಾಮುಖಿ

ನನ್ನ ಹೆಂಡತಿಯ ಅಣ್ಣನ ಎದುರು ನೀವು ಅನ್ನದಲ್ಲಿ ಗುಂಡಿ ತೋಡಿ ಸಾರು ಸುರಿದುಕೊಂಡಿರೋ, ನಿಮ್ಮ ಊಟ ಮುಗಿದಂತೆಯೇ! ಭಾವ ಭೂವಿಜ್ಞಾನಿ. ಸಮುದ್ರಕ್ಕೆ ಅಂಟಿಕೊಂಡ ಯಾವುದೋ ಮರುಭೂಮಿಯಲ್ಲಿ, ಆರಿದ ಜ್ವಾಲಾಮುಖಿಗಳ ನಡುವೆ ಟೆಂಟು ಹಾಕಿ ಯೌವನ ಕಳೆದವರು. ಮದುವೆಯಾಗುವುದು ಮರೆತೇ ಹೋಯಿತಂತೆ. ಅದೇನು ಮರೆಯುವಂಥದ್ದೇ?

ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಒಂದು ಗೃಹಪ್ರವೇಶದಲ್ಲಿ ಪಕ್ಕದ ಆಂಟಿಯ ತಟ್ಟೆಗೆ ಬೆರಳು ತೋರಿಸಿದರು. "ನೋಡ್ರಿ, ಬಿಸಿ ಲಾವಾ ಮ್ಯಾಲೆ ಬರೂವಾಗ ನೆಲದಾಗಿನ ನೀರು ಸಿಕ್ಕರ ಢಂ ಅಂತದ. ಹಿಂಗ ಅಗಲ ಕುಳಿ ಬೀಳ್ತದ."

"ಅಂಕಲ್, ಇದು ಬರೀ ತಿಳಿಸಾರು," ಎಂದು ಆಂಟಿ ನೇರ ಮೊಸರಿಗೆ ಹೋದರು.

ನನ್ನವಳು ತೀರಿಕೊಂಡ ಮೇಲೆ ಸಿಡ್ನಿಯ ರೌಸ್ ಹಿಲ್‌ನಲ್ಲಿ ಮಗಳ ಮನೆಯಲ್ಲಿ ನಾನು, ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಫ್ಲ್ಯಾಟಿನಲ್ಲಿ ಭಾವ ಒಬ್ಬರೇ. ಮೊಮ್ಮಕ್ಕಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತವೆ. ಕನ್ನಡದಲ್ಲಿ ನನ್ನನ್ನು ಮಾತಾಡಿಸುವುದು ಭಾವನ ಭಾನುವಾರದ ಫೋನೊಂದೇ. ವಿಷಯವೂ ಒಂದೇ: ಸಮುದ್ರದ ಮರಳು ಗಾಳಿಗೆ ಹಾರಿ ಬಂದು ಕಪ್ಪು ಬೆಟ್ಟಗಳಿಗೆ ಒರಗುವುದು, ಮಳೆಯೇ ಬಾರದೆ ಬೂದಿಯ ಮೇಲಿನ ಹೆಜ್ಜೆ ವರ್ಷಗಟ್ಟಲೆ ಅಳಿಸದಿರುವುದು. ನಾನು ಎಸ್ಸೆಸ್ಸೆಲ್ಸಿ ಆಸಾಮಿ. ಸ್ಪೀಕರ್ ಹಾಕಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಬೀನ್ಸ್ ಮುರಿಯುತ್ತ "ಹೂಂ" ಅನ್ನುತ್ತಿದ್ದೆ. ಕೆಲವು ಹೂಂಗಳು ಸರಿಯಾದ ಜಾಗಕ್ಕೇ ಬೀಳುತ್ತಿದ್ದವು.

ಒಮ್ಮೆ ಬಂದಾಗ ಆ ಮರುಭೂಮಿಯ ಲಾವಾ ಕಲ್ಲೊಂದನ್ನು ಕೈಗಿಟ್ಟು, "ತಂಗಿ ಫೋಟೋದ ಮುಂದ ಇಡ್ರಿ," ಎಂದರು. ಇಟ್ಟೆ. ಆದರೆ ಹಗುರ, ಒರಟು, ಮೈತುಂಬ ತೂತು. ಅಂಥ ಕಲ್ಲು ಕಂಡರೆ ನಮ್ಮವರ ಕಾಲು ಸುಮ್ಮನಿರುತ್ತದೆಯೇ? ಚಳಿಗೆ ಹಿಮ್ಮಡಿ ಬಿರಿದಾಗ ಅದು ಬಚ್ಚಲಿಗೆ ಇಳಿಯಿತು.

ಮುಂದಿನ ಸಲ ಬಂದ ಭಾವ ಸ್ನಾನಕ್ಕೆ ಹೋದಾಗ ಅದನ್ನು ಕಂಡರು. ಕಲ್ಲಿನ ಒಂದು ಮಗ್ಗುಲು ಸವೆದು ನುಣ್ಣಗಾಗಿತ್ತು. ಜ್ವಾಲಾಮುಖಿಯ ಮಾತೇ ಎತ್ತದೆ ಮೆಲ್ಬರ್ನಿಗೆ ಹೊರಟುಹೋದರು. ಆ ಭಾನುವಾರ ಫೋನಿಲ್ಲ. ಮುಂದಿನ ಭಾನುವಾರವೂ ಇಲ್ಲ. ಬೀನ್ಸ್ ಮುರಿಯುವ ಸದ್ದು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ನಾನೇ ಮಾಡಿದೆ. "ಭಾವ, ತಪ್ಪಾತು. ಕಲ್ಲು ತೊಳದು ಆಕೀ ಮುಂದ ಇಟ್ಟೇನಿ."

"ಹಿಮ್ಮಡಿ ಹ್ಯಾಂಗದಾವ?"

"ಮತ್ತ ಒಡದಾವ."

"ಹಂಗಾರ ಬಚ್ಚಲದಾಗ ಇಟ್ಕೋರಿ. ನಮ್ಮ ಮನ್ಯಾಗ ಇದ್ದಾಗ ಅದನ್ನ ಯಾರೂ ಮುಟ್ಟಿದ್ದಿಲ್ಲ."

"ಆ ಬೂದಿ ಮ್ಯಾಲಿನ ಹೆಜ್ಜಿ ಕತಿ ಇನ್ನೊಮ್ಮೆ ಹೇಳ್ರಿ," ಎಂದೆ.

"ಹೇಳ್ತೀನಿ. ಮೊದಲ ಸ್ಪೀಕರ್ ಬಂದ್ ಮಾಡ್ರಿ."

ಬೀನ್ಸ್ ಬದಿಗಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡೆ.