ಶಿಷ್ಯರ ಕಾರಿನ ಮುಂದಿನ ಸೀಟು

ಕಾಲೇಜು ಮಕ್ಕಳು ಓಡಿಸುವ ಕಾರಿನಲ್ಲಿ ಕೂತವರಿಗೆ ಏನಾದರೊಂದು ಆಗದೆ ಇರುವುದಿಲ್ಲ. ನನಗಂತೂ ವರ್ಷಕ್ಕೆ ನಾಲ್ಕೈದು ಸಲ ಆಗುತ್ತದೆ. ನನ್ನ ಮನೆ ಇರುವುದು ಪಾಂಡವಪುರದಲ್ಲಿ. ನಾನು ಗಣಿತ ಪಾಠ ಮಾಡುವ ಕಾಲೇಜು ನಾಗಮಂಗಲ ದಾಟಿ ಬೆಳ್ಳೂರಿನ ಕಡೆಗೆ. ಬೆಳಗಿನ ಬಸ್ಸು ನಾನು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಹೊರಟುಹೋಗಿರುತ್ತದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಕೈ ತೋರಿಸಿದರೆ ನಿಲ್ಲಿಸುವ ಶಿಷ್ಯರೇ ಗತಿ.

ನಮ್ಮ ಕಾಲೇಜಿನ ಹೊಂಗೆ ಮರದ ಕೆಳಗೆ ನಿಂತಿರುವ ಕಾರುಗಳನ್ನು ಒಮ್ಮೆ ನೋಡಬೇಕು. ಅಪ್ಪ ಹೊಸದು ತಗೊಂಡಾಗ ಮಗನ ಪಾಲಿಗೆ ಬಂದ ಹಳೇದು, ಟ್ಯಾಕ್ಸಿಗೆ ಓಡಿ ಓಡಿ ಸುಸ್ತಾದ ಮೇಲೆ ಹಳದಿ ಬೋರ್ಡನ್ನು ಬಿಳಿ ಮಾಡಿಸಿಕೊಂಡದ್ದು, ವಾರಕ್ಕೆರಡು ದಿನ ಹಸುವಿಗೆ ಬೂಸಾ ಹೊತ್ತು ಮಿಕ್ಕ ದಿನ ಹುಡುಗರನ್ನು ಹೊರುವ ವ್ಯಾನು. ಮನೆಯವರಿಗೆ ಬೇಡವಾದದ್ದೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ. ಅದರ ಮುಂದಿನ ಸೀಟಿನಲ್ಲಿ ನಾನು.

ಹಗ್ಗ

ಎರಡನೇ ವರ್ಷದ ಒಬ್ಬ ಹುಡುಗನ ಕಾರು ನೀಲಿ ಬಣ್ಣದ್ದು, ಒಂದು ಬಾಗಿಲು ಮಾತ್ರ ಕೆಂಪು. ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನನ್ನು ನೋಡಿ ನಿಲ್ಲಿಸಿದ. ತಾನೇ ಇಳಿದು ಬಂದು ಬಾಗಿಲು ತೆಗೆದು ಕೂರಿಸಿದ. ಎರಡು ಸಲ ಜೋರಾಗಿ ಬಡಿದು ಮುಚ್ಚಿದ. ಆಮೇಲೆ ತನ್ನ ಸೀಟಿಗೆ ಬಂದು, ಸೀಟುಗಳ ಹಿಂದಿನಿಂದ ಬಂದಿದ್ದ ಒಂದು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ.

"ತಿರುವಲ್ಲಿ ಒಸಿ ಬಿಗಿಯಾಗಿ ಇಡ್ಕಳಿ ಮೇಡಂ. ಬಾಗ್ಲು ತಕ್ಕಂಬುಡ್ತದೆ."

"ಎಷ್ಟು ತೆರೆದುಕೊಳ್ಳುತ್ತಪ್ಪ?"

"ಪೂರ್ತಿ."

ನಾನು ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡೆ. ಜಕ್ಕನಹಳ್ಳಿ ದಾಟಿದ ಮೇಲೂ ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ನನ್ನ ಬಾಗಿಲಿನಿಂದ ದೂರ ಸರಿದು, ಎರಡೂ ಕೈಯಲ್ಲಿ ಎಳೆದು ಹಿಡಿಯುತ್ತಿದ್ದೆ. ಎದುರಿಗೆ ಲಾರಿ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡೆ. ಅವನು ಮಾತ್ರ ಹಾಯಾಗಿ, ಅಕ್ಕನ ಮದುವೆಗೆ ಎಷ್ಟು ಕುರಿ ಕಡಿದರು ಎಂದು ಹೇಳುತ್ತಾ ಓಡಿಸಿದ. ನಿಧಾನವಾಗಿ ಹೋಗು ಎಂದರೆ, ಇವತ್ತು ಗಾಡಿ ಚೆನ್ನಾಗಿ ಓಡ್ತಾ ಅದೆ ಮೇಡಂ ಎಂದ.

ಕಾಲೇಜು ಬಂತು. ಮಣಿಕಟ್ಟು ಕೆಂಪಗಾಗಿತ್ತು. ಇಳಿಯೋಣವೆಂದು ಬಾಗಿಲು ತಳ್ಳಿದೆ, ಬರಲಿಲ್ಲ. ಭುಜ ಕೊಟ್ಟು ತಳ್ಳಿದೆ, ಅಲುಗಾಡಲಿಲ್ಲ. ಅವನು ಸುತ್ತಿ ಬಂದು ಕಾರಿಗೆ ಒಂದು ಕಾಲು ಒತ್ತಿ ನಿಂತು ಹೊರಗಿನಿಂದ ಎಳೆದು ತೆಗೆದ.

"ಈ ಬಾಗ್ಲು ಒಳಗಿಂದ ತಗಿಯಕ್ಕಾಗಲ್ಲ ಮೇಡಂ. ಒದ್ರೂ ಬರಾಕಿಲ್ಲ."

"ಮತ್ತೆ ಆ ಹಗ್ಗ?"

"ಅದು ನನ್ ಬಾಗ್ಲುದ್ದು. ದಿನಾ ಒಂದ್ ಕೈಲಿ ಅಗ್ಗ, ಒಂದ್ ಕೈಲಿ ಸ್ಟೇರಿಂಗು. ಇವತ್ತು ನೀವಿದ್ರಿ, ಅದ್ಕೇ ಆರಾಮಾಗಿ ಓಡುಸ್ದೆ."

ನನಗೆ ಆ ಹೊತ್ತಿನಲ್ಲೂ ಲೆಕ್ಕ ಬಿಡಲಿಲ್ಲ. ಎರಡು ಕೈಗೆ ಎರಡು ಕೆಲಸವಾಯಿತು. "ಗೇರ್ ಹಾಕುವಾಗ ಏನೋ ಮಾಡ್ತೀಯ?"

"ಅಗ್ಗನ ಬಾಯಲ್ಲಿ ಕಚ್ಕತೀನಿ ಮೇಡಂ."

ನಾಲೆ ಏರಿ

ಶ್ರೀರಂಗಪಟ್ಟಣದಲ್ಲಿ ನಮ್ಮ ಕಾಲೇಜಿನ ಗುಮಾಸ್ತರ ಮಗಳ ಮದುವೆ. ಊಟ ಮುಗಿಸಿ ಬರುವಾಗ ಕೊನೇ ವರ್ಷದ ಒಬ್ಬ ಹುಡುಗ, ಪಾಂಡವಪುರದ ಮೇಲೇ ಹೋಗ್ತೀನಿ ಬನ್ನಿ ಮೇಡಂ ಎಂದ. ತರಗತಿಯಲ್ಲಿ ಎಂದೂ ದನಿ ಎತ್ತದ ಹುಡುಗ. ಇಂಥವನ ಕಾರಾದರೆ ಚಿಂತೆಯಿಲ್ಲ ಎಂದು ಕೂತೆ.

ಅಡ್ಡದಾರಿ ಎಂದು ನಾಲೆ ಏರಿಯ ಮೇಲೆ ಹೊರಟ. ನಾಲೆಗೆ ನೀರು ಬಿಟ್ಟಿದ್ದರು, ಅಂಚಿನ ತನಕ ತುಂಬಿ ಹರಿಯುತ್ತಿತ್ತು. ತಡೆಗೋಡೆ ಇಲ್ಲ. ಎದುರಿಗೆ ಒಂದು ಲಾರಿ ಬಂತೆಂದು ಎಡಕ್ಕೆ ಸರಿದ. ಕಾರು ದಡಕ್ಕನೆ ಅಲ್ಲಾಡಿ ಎಂಜಿನ್ ನಿಂತುಹೋಯಿತು. ನನ್ನ ಕಿಟಕಿಯಲ್ಲಿ ಬಗ್ಗಿ ನೋಡಿದರೆ ನೆಲ ಕಾಣಲಿಲ್ಲ, ನೀರು ಕಾಣಿಸಿತು.

"ಹ್ಯಾಂಡ್ ಬ್ರೇಕ್ ಹಾಕಪ್ಪ," ಎಂದೆ.

ಅವನು ಎಳೆದ. ಅದು ಬುಡಸಮೇತ ಕೈಗೆ ಬಂತು. ಇದು ಯಾವಾಗ್ಲೂ ಇಂಗೇಯ ಎಂದು ಹಿಂದಿನ ಸೀಟಿಗೆ ಹಾಕಿದ. ನನ್ನ ಮುಖ ನೋಡಿದ. ನಾನು ಎರಡೂ ಕೈಯಲ್ಲಿ ಸೀಟನ್ನು ಹಿಡಿದುಕೊಂಡಿದ್ದೆ.

"ಮೇಡಂ, ಒಂದ್ ಕೆಲ್ಸ ಮಾಡಿ. ನಾನು ಇಳೀತೀನಿ, ನೀವು ಈ ಸೀಟಿಗೆ ಬಂದು ಬ್ರೇಕ್ ಒತ್ತಿ ಇಡ್ಕಂಡಿರಿ. ಕಾಲು ಮಾತ್ರ ಎತ್ತಬ್ಯಾಡಿ. ನಾನು ಟ್ರಾಕ್ಟರ್ ತತ್ತೀನಿ."

"ಎತ್ತಿದರೆ?"

ಅವನು ನಾಲೆಯ ಕಡೆ ಒಮ್ಮೆ ನೋಡಿ ಹೊರಟ.

ನಾನು ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿಕೊಂಡು ಒತ್ತಿ ಕೂತೆ. ಮೊದಲು ಒಂದು ಕಾಲಲ್ಲಿ, ಅದು ಜೋಮು ಹಿಡಿದ ಮೇಲೆ ಎರಡೂ ಕಾಲಲ್ಲಿ. ಪಕ್ಕದ ಸೀಟಿನಲ್ಲಿದ್ದ ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಮನೆಯವರದ್ದೇ ಇರಬೇಕು. ಬಗ್ಗಿದರೆ ಕಾಲು ಸಡಿಲವಾದೀತೆಂದು ಎತ್ತಿಕೊಳ್ಳಲಿಲ್ಲ. ಮೂರು ಸಲ ಹೊಡೆದುಕೊಂಡು ಸುಮ್ಮನಾಯಿತು. ಹೋದ ಸೆಮಿಸ್ಟರಿನಲ್ಲಿ ಈ ಹುಡುಗನಿಗೆ ಹಾಜರಾತಿ ಕಡಿಮೆ ಹಾಕಿದ್ದು ನೆನಪಾಯಿತು. ಅದಕ್ಕೇನಾದರೂ ಇಲ್ಲಿ ಬಿಟ್ಟು ಹೋದನೋ ಎಂದೂ ಅನಿಸಿತು.

ಅರ್ಧ ಗಂಟೆಯಾದ ಮೇಲೆ ಎಮ್ಮೆ ಹೊಡೆದುಕೊಂಡು ಒಬ್ಬ ಮುದುಕ ಬಂದ. ಕಿಟಕಿಯಲ್ಲಿ ಇಣುಕಿದ. "ಯಾಕವ್ವ ಇಲ್ಲಿ ಒಬ್ಳೇ ಕುಂತಿದ್ದೀಯೆ?"

"ಬ್ರೇಕ್ ಒತ್ತಿದ್ದೀನಿ ಅಜ್ಜ. ಬಿಟ್ಟರೆ ಕಾರು ನಾಲೆಗೆ ಹೋಗುತ್ತೆ."

ಅವನು ಬಗ್ಗಿ ನನ್ನ ಕಾಲು ನೋಡಿದ. "ಅದು ಕ್ಲಚ್ಚು ಕಣವ್ವ."

ನನ್ನ ಜೀವ ಅರ್ಧ ಹೋಯಿತು. "ಹಾಗಾದರೆ ಇಷ್ಟು ಹೊತ್ತು ಕಾರು ನಿಂತಿದ್ದು ಹೇಗೆ?"

ಮುದುಕ ಮುಂದೆ ಹೋಗಿ ನೋಡಿ ಬಂದ. "ಮುಂದ್ಗಡೆ ಚಕ್ರ ಮೊಣಕಾಲುದ್ದ ಗುಂಡಿಗೆ ಇಳ್ದದೆ. ಇದು ಮುಂದುಕ್ಕೂ ಓಗಲ್ಲ, ಇಂದುಕ್ಕೂ ಬರಲ್ಲ. ನೀನು ಇಳ್ದು ಮನೇಗೆ ಓದ್ರೂ ಇಲ್ಲೇ ಇರ್ತದೆ."

ಅಷ್ಟರಲ್ಲಿ ಟ್ರಾಕ್ಟರು ಬಂತು. ಹುಡುಗ ಇಳಿದು ಓಡಿ ಬಂದ. ಚಕ್ರ ಗುಂಡಿಗೆ ಬಿದ್ದದ್ದು ನಿನಗೆ ಗೊತ್ತಿರಲಿಲ್ಲವೇನೋ ಎಂದು ಕೇಳಿದೆ.

"ಗೊತ್ತಿತ್ತು ಮೇಡಂ. ಸುಮ್ನೆ ಕುಂತಿದ್ರೆ ಎದ್ರುಕತೀರಾ ಅಂತ ಒಂದ್ ಕೆಲ್ಸ ಕೊಟ್ಟೋದೆ. ನೀವು ಸ್ಟಾಫ್ ಮೀಟಿಂಗಿಗೆ ಓಗುವಾಗ ನಮ್ಗೆ ಲೆಕ್ಕ ಕೊಟ್ಟೋಗಲ್ವಾ, ಅಂಗೆ."

ಹೊಲಿಗೆ ಮಿಷನ್ ಗುರುತು

ಕೆ.ಆರ್. ಪೇಟೆಯ ಒಂದು ಕಾಲೇಜಿಗೆ ನನ್ನನ್ನು ಪರೀಕ್ಷಾ ಮೇಲ್ವಿಚಾರಣೆಗೆ ಹಾಕಿದ್ದರು. ಪರೀಕ್ಷೆ ಹತ್ತು ಗಂಟೆಗೆ. ಬೂಕನಕೆರೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಬಸ್ಸು ಕೆಟ್ಟು ನಿಂತಿತು. ಗಂಟೆ ಒಂಬತ್ತು ದಾಟಿತ್ತು. ರಸ್ತೆಯಲ್ಲಿ ನಿಂತು ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕುತ್ತಿದ್ದೆ.

ದೂರದಿಂದ ಒಂದು ಹೆಣ್ಣುದನಿ ಕೇಳಿಸಿತು. "ಅಕ್ಕ ತಂಗಿಯರೆ, ಅಣ್ಣ ತಮ್ಮಂದಿರೆ, ನಿಮ್ಮ ಅಮೂಲ್ಯವಾದ ಮತವನ್ನು ಹೊಲಿಗೆ ಮಿಷನ್ ಗುರುತಿಗೆ..." ತಲೆಯ ಮೇಲೆ ಮೈಕು ಹೊತ್ತ ಒಂದು ಹಳೇ ಬಿಳಿ ಕಾರು ಬಂದು ನಿಂತಿತು. ಓಡಿಸುತ್ತಿದ್ದವಳು ಹಿಂದೆ ನಮ್ಮ ಕಾಲೇಜಿನಲ್ಲಿದ್ದು, ಆಮೇಲೆ ಕೆ.ಆರ್. ಪೇಟೆಗೆ ಸೇರಿಕೊಂಡ ಹುಡುಗಿ. ಅವಳಿಗೂ ಅವತ್ತು ಪರೀಕ್ಷೆ. ಕೊನೇ ಸೆಮಿಸ್ಟರು.

ಹತ್ತಿದ ಮೇಲೆ ವಿಷಯ ಹೇಳಿದಳು. ಅವರ ಊರಿನ ಪಂಚಾಯ್ತಿ ಸೀಟು ಹೆಂಗಸರಿಗೆ ಬಂದಿತ್ತು. ಅವಳ ತಾಯಿ ನಿಂತಿದ್ದರು. ಎದುರಿಗೆ ನಿಂತಿದ್ದವರು ದೊಡ್ಡಮ್ಮ, ಅಂದರೆ ಅವಳ ತಂದೆಯ ಅಣ್ಣನ ಹೆಂಡತಿ. ಎರಡು ತಿಂಗಳಿಂದ ಎರಡು ಮನೆಗೂ ಮಾತಿಲ್ಲ. ಮೈಕಿನಲ್ಲಿದ್ದ ದನಿ ಇವಳದ್ದೇ, ರೆಕಾರ್ಡ್ ಮಾಡಿದ್ದು.

"ಅದನ್ನ ಆಫ್ ಮಾಡಮ್ಮ," ಎಂದೆ.

"ಆಗಲ್ಲ ಮೇಡಂ. ಮೈಕಿನವ್ನು ಕೀಗೇ ವೈರ್ ಕೊಟ್ಬುಟ್ಟವ್ನೆ. ಕಾರು ಓಡುದ್ರೆ ಅದೂ ಓಡ್ತದೆ."

ಸ್ವಲ್ಪ ಮುಂದೆ ಕಬ್ಬಿನ ಟ್ರಾಕ್ಟರು ಮಗುಚಿ ರಸ್ತೆ ಪೂರಾ ಕಟ್ಟಿಹೋಗಿತ್ತು. ಅವಳು ಗಡಿಯಾರ ನೋಡಿದಳು. "ನಮ್ಮೂರ ಮೇಲ್ಗಡೆ ಬೀದಿಲಿ ನುಗ್ಗಿ ಓಗ್ಬೇಕು ಮೇಡಂ."

"ನುಗ್ಗು ಮತ್ತೆ."

"ಅಲ್ಲಿ ದೊಡ್ಡಪ್ಪನ ಮನೆ."

ಬೇರೆ ದಾರಿ ಇರಲಿಲ್ಲ. ನುಗ್ಗಿದಳು. ಸರಿಯಾಗಿ ದೊಡ್ಡಪ್ಪನ ಮನೆ ಮುಂದೆ ಕುರಿಮಂದೆ ಅಡ್ಡ ಬಂತು. ಬ್ರೇಕು ಹಾಕಿದಳು, ಕಾರು ನಿಂತುಹೋಯಿತು, ಕೀ ಆಫ್ ಮಾಡಿದಳು. ಮೈಕೂ "ನಿಮ್ಮ ಅಮೂಲ್ಯವಾದ" ಎಂಬಲ್ಲಿಗೆ ನಿಂತಿತು. ಕೀ ತಿರುಗಿಸಿದಳು. ಕಾರು ಒಂದು ಸಲ ಕೆಮ್ಮಿತು, ಅಷ್ಟೇ. ಎಂಜಿನ್ ಎಬ್ಬಿಸುವಷ್ಟು ಕಸುವು ಬ್ಯಾಟರಿಯಲ್ಲಿರಲಿಲ್ಲ, ಕೀ ವಾಪಸ್ ತಿರುಗಿಸಿಬಿಟ್ಟಳು.

ಜಗುಲಿಯ ಮೇಲೆ ದೊಡ್ಡಪ್ಪ, ಸುತ್ತ ಹತ್ತು ಹನ್ನೆರಡು ಜನ. ಎಲ್ಲರ ಕೈಯಲ್ಲೂ ತೆಂಗಿನಕಾಯಿ ಗುರುತಿನ ಕರಪತ್ರ. ಆಗಷ್ಟೇ ಪ್ರಚಾರಕ್ಕೆ ಹೊರಟಿದ್ದರು. ಅವರೆಲ್ಲ ಎದ್ದು ಬಂದು ಕಾರನ್ನು ಸುತ್ತಿಕೊಂಡರು. ನಾನು ಬ್ಯಾಗನ್ನು ಎದೆಗೆ ಒತ್ತಿಕೊಂಡೆ. ದೊಡ್ಡಪ್ಪ ಹುಡುಗಿಯ ಕಡೆ ತಿರುಗಿಯೂ ನೋಡದೆ ನನ್ನ ಕಿಟಕಿಗೆ ಬಂದರು.

"ಮೇಡಮ್ನೋರೆ, ನಮ್ಮನೆ ಬಾಗ್ಲಿಗೇ ಬಂದು ಪ್ರಚಾರ ಮಾಡದು ಸರಿಯಾ, ಕೇಳಿ ಆ ಹುಡ್ಗೀಯ."

ಅವರಿಂದ ಒಂದು ಮಾರು ದೂರದಲ್ಲೇ ಕೂತಿದ್ದ ಹುಡುಗಿ ನನಗೆ ಹೇಳಿದಳು. "ಮೇಡಂ, ಪ್ರಚಾರಕ್ಕೆ ಬಂದಿಲ್ಲ ಅಂತ ಯೋಳಿ. ಪರೀಕ್ಷೆಗೆ ಓಯ್ತಾ ಇವ್ನಿ."

"ಎಷ್ಟೊತ್ಗಂತೆ ಪರೀಕ್ಷೆ?"

"ಹತ್ತಕ್ಕೆ," ಎಂದು ನಾನೇ ಹೇಳಿದೆ. "ಇನ್ನು ಇಪ್ಪತ್ತೈದು ನಿಮಿಷ ಇದೆ."

"ಮತ್ಯಾಕೆ ನಿಂತವ್ಳೆ?"

"ತಳ್ಳದೆ ಸ್ಟಾರ್ಟಾಗಲ್ಲ ಮೇಡಂ," ಎಂದಳು. ಕಣ್ಣು ಒರೆಸಿಕೊಂಡಳು.

ದೊಡ್ಡಪ್ಪ ಕಾರಿನ ಹಿಂಭಾಗದ ಕಡೆ ಒಮ್ಮೆ ನೋಡಿದರು. ಹಿಂದಿದ್ದ ಒಬ್ಬ, "ಬ್ಯಾಡ ಕಣಣ್ಣ, ಚುನಾವಣೆ ಟೇಮು," ಎಂದ. ದೊಡ್ಡಪ್ಪ ಟವೆಲನ್ನು ಸೊಂಟಕ್ಕೆ ಬಿಗಿದರು. "ಸುಮ್ಕಿರ್ಲಾ. ನಮ್ಮನೆ ಮಗು ಪರೀಕ್ಷೆಗೆ ಓಯ್ತದೆ. ಬರ್ರಲಾ ಎಲ್ರೂವೆ."

ಕರಪತ್ರಗಳನ್ನು ಜೇಬಿಗೆ ತುರುಕಿಕೊಂಡು ಎಲ್ಲರೂ ಹಿಂದೆ ಹೋಗಿ ಕೈ ಕೊಟ್ಟರು. ಹುಡುಗಿ ಕೀ ತಿರುಗಿಸಿದಳು. ಎಂಜಿನ್ನಿಗಿಂತ ಮೊದಲು ಮೈಕಿಗೆ ಜೀವ ಬಂತು. "ಮತವನ್ನು ಹೊಲಿಗೆ ಮಿಷನ್ ಗುರುತಿಗೆ ನೀಡಿ, ನಿಮ್ಮ ಮನೆಮಗಳನ್ನು ಗೆಲ್ಲಿಸಿ..."

ಮನೆಮನೆಯಿಂದ ಜನ ಹೊರಗೆ ಬಂದರು. ಉದ್ದನೆಯ ಬೀದಿ. ತೆಂಗಿನಕಾಯಿಯವರೆಲ್ಲ ಸೇರಿಕೊಂಡು, ಬೆವರು ಸುರಿಸುತ್ತಾ, ಹೊಲಿಗೆ ಮಿಷನ್ನಿನ ಕಾರು ತಳ್ಳಿಕೊಂಡು ಬರುತ್ತಿದ್ದಾರೆ.

"ಆಫ್ ಮಾಡೇ ಅದ್ನ," ಎಂದು ದೊಡ್ಡಪ್ಪ ಹಿಂದಿನಿಂದ ಕೂಗಿದರು. ಎರಡು ತಿಂಗಳಲ್ಲಿ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು.

"ಆಫ್ ಮಾಡುದ್ರೆ ಕಾರೂ ಆಫಾಯ್ತದೆ ದೊಡ್ಡಪ್ಪ."

ಒಬ್ಬ ಮುದುಕಿ ಕೈಮುಗಿದು, "ಅಣ್ತಮ್ಮದೀರು ಒಂದಾದ್ರಲ್ಲ, ಒಳ್ಳೇದಾಯ್ತು ಬುಡ್ರಪ್ಪ. ಮಿಷನ್ನಿಗೇ ಆಕ್ತೀವಿ," ಎಂದಳು. ಕನ್ನಡಿಯಲ್ಲಿ ನೋಡಿದೆ. ದೊಡ್ಡಮ್ಮ ಹೊಸಲಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಎಂಜಿನ್ ಹಿಡಿದುಕೊಂಡದ್ದು ಬೀದಿಯ ಕೊನೆಯ ಹಾಲಿನ ಡೇರಿಯ ಹತ್ತಿರ.

ಗಂಟೆ ಹೊಡೆಯುವಾಗ ನಾವು ಕಾಲೇಜಿನ ಗೇಟಿನೊಳಗಿದ್ದೆವು. ಅವಳು ಪರೀಕ್ಷೆ ಬರೆದಳು, ಪಾಸೂ ಆದಳು. ಚುನಾವಣೆಯಲ್ಲಿ ಅವಳ ತಾಯಿ ಹನ್ನೊಂದು ಓಟಿನಲ್ಲಿ ಗೆದ್ದರು.

ಒಂದು ಭಾನುವಾರ ಮೈಸೂರುಪಾಕು ತಗೊಂಡು ನಮ್ಮ ಮನೆಗೆ ಬಂದಳು. ಎರಡು ಮನೆಗೂ ಈಗ ಮಾತಿದೆಯೇನಮ್ಮ ಎಂದು ಕೇಳಿದೆ.

"ಅದೆ ಮೇಡಂ. ದೊಡ್ಡಮ್ಮ ನಮ್ಮವ್ವನ ಜೊತೆ ದಿನಾ ಮಾತಾಡ್ತಾವ್ರೆ. ದೊಡ್ಡಪ್ಪನ ಜೊತೆ ಮಾತ್ರ ಮಾತು ಬುಟ್ಬುಟ್ಟವ್ರೆ. ದೊಡ್ಡಪ್ಪ ಊಟಕ್ಕೆ ನಮ್ಮನೇಗೇ ಬತ್ತಾವ್ರೆ."