ನಮ್ಮ ಅತ್ತೆ ಮಾವನವರ ಅಭಿಪ್ರಾಯಗಳನ್ನು ಹಿಂದಿರುಗಿಸುವ ಕುರಿತು

ಜನಾಭಿಪ್ರಾಯ ಸಮೀಕ್ಷಾ ಸಂಸ್ಥೆಯ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಬಣ್ಣಬಣ್ಣದ ನಕ್ಷೆಗಳೂ, ಆ ನಕ್ಷೆಗಳನ್ನು ತಂಪಾಗಿಡುವ ಯಂತ್ರಗಳೂ ಕ್ಷೇಮವಾಗಿರುವಿರೆಂದು ನಂಬಿ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ದುಡಿಯುವ ನಾನು ತಮಗೊಂದು ವಂದನೆಯನ್ನೂ ಅದರ ಬೆನ್ನಿಗೇ ಒಂದು ದೂರನ್ನೂ ಸಲ್ಲಿಸುತ್ತಿದ್ದೇನೆ. ವಂದನೆ ಏಕೆಂದರೆ, ಮನುಷ್ಯ ಎಲ್ಲಿಂದ ಬಂದ ಎಂಬ ಘನವಾದ ಪ್ರಶ್ನೆಯನ್ನು ನಮ್ಮ ಹೊಸ್ತಿಲಿಗೆ ತಂದವರು ತಾವೇ ಮೊದಲಿಗರು. ಅಲ್ಲಿಯವರೆಗೆ ಬಂದವರೆಲ್ಲ ಪ್ಯಾಂಟು ಯಾವಾಗ ಕೊಡುತ್ತೀರಿ ಎಂದಷ್ಟೇ ಕೇಳುತ್ತಿದ್ದರು. ದೂರು ಏಕೆಂಬುದನ್ನು ಸಾವಕಾಶವಾಗಿ ವಿವರಿಸಲು ಅಪ್ಪಣೆಯಾಗಬೇಕು.

ನಮ್ಮ ಮಾವನವರು ನಿವೃತ್ತ ಬಸ್ ಕಂಡಕ್ಟರು, ಕೊಡೆ ಗುರುತಿನ ಪಕ್ಷದವರು. ಅತ್ತೆಯವರು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬುಟ್ಟಿ ಗುರುತಿನ ಪಕ್ಷದವರು. ಮದುವೆಯಾದಂದಿನಿಂದ ಇವರಿಬ್ಬರೂ ಚುನಾವಣೆಯ ದಿನ ಒಂದೇ ಕೊಡೆಯ ಕೆಳಗೆ (ಗುರುತಿನ ಕೊಡೆಯಲ್ಲ, ಬಿಸಿಲಿಗೆ ಹಿಡಿಯುವ ಕೊಡೆ) ನಡೆದುಹೋಗಿ, ಒಬ್ಬರ ಮತವನ್ನು ಇನ್ನೊಬ್ಬರು ಹೊಡೆದುಹಾಕಿ, ದೊಡ್ಡ ಕೆಲಸ ಮುಗಿಸಿದವರಂತೆ ಮರಳಿ ಬಂದು ಚಹಾ ಕುಡಿಯುತ್ತಿದ್ದರು. ಮನುಷ್ಯನ ಮೂಲದ ಬಗ್ಗೆ ಇವರಲ್ಲಿ ಎಂದೂ ಮಾತು ಬಂದಿರಲಿಲ್ಲ. ಬಂದದ್ದೆಲ್ಲ ಮನುಷ್ಯ ತೊಟ್ಟ ಅಂಗಿಯನ್ನು ಎಲ್ಲೆಂದರಲ್ಲಿ ಬಿಸಾಡುವುದರ ಬಗ್ಗೆ.

ಹೀಗಿರಲಾಗಿ ತಮ್ಮ ಕಡೆಯ ಹುಡುಗಿಯೊಬ್ಬಳು ಬಂದು, ನೀರು ಕೇಳಿ ಕುಡಿದು, ಬಹಳ ವಿನಯದಿಂದ, ಮನುಷ್ಯ ಬೇರೆ ಪ್ರಾಣಿಗಳಿಂದ ವಿಕಾಸವಾಗಿ ಬಂದನೋ ಅಥವಾ ದೇವರು ಈಗಿರುವಂತೆಯೇ ಸೃಷ್ಟಿಸಿದನೋ ಎಂದು ಕೇಳಿದಳು. ಮಾವನವರು ಪತ್ರಿಕೆಯಿಂದ ತಲೆಯೆತ್ತದೆ, "ಮಂಗನಿಂದಾನೇ ಬಂದಿರ್ಬೇಕಮ್ಮ. ನಮ್ಮಣ್ಣನ್ನ ಒಂದ್ಸಲ ನೋಡಿದ್ರೆ ನೀನೇ ಬರ್ಕೊಂಡುಬಿಡ್ತೀಯ" ಎಂದರು. ಬಟ್ಟೆ ಮಡಚುತ್ತಿದ್ದ ಅತ್ತೆಯವರು, "ಯಾರೋ ಕೂತ್ಕೊಂಡು ಮಾಡಿದ್ದೇ ಕಣಮ್ಮ. ಈ ಕಿವಿ ನೋಡು, ಇಷ್ಟು ನಾಜೂಕಾಗಿ ತಾನೇ ತಾನಾಗಿ ಆಗತ್ತಾ?" ಎಂದರು. ಆಮೇಲೆ ಆ ಹುಡುಗಿ ಅವರವರ ಪಕ್ಷ ಯಾವುದೆಂದು ಕೇಳಿ, ಬರೆದುಕೊಂಡು, ಕೈಮುಗಿದು ಹೋದಳು. ಒಬ್ಬರ ಉತ್ತರಕ್ಕೆ ಇನ್ನೊಬ್ಬರು ನಕ್ಕರು. ವಿಷಯ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದು ನನ್ನ ಅಜ್ಞಾನ.

ತಮ್ಮ ವರದಿ ಪತ್ರಿಕೆಯ ಮುಖಪುಟದಲ್ಲಿ ಬಂತು. ಕೊಡೆ ಪಕ್ಷದವರಲ್ಲಿ ಬಹುಪಾಲು ಜನ ಸೃಷ್ಟಿಯನ್ನೂ, ಬುಟ್ಟಿ ಪಕ್ಷದವರಲ್ಲಿ ಬಹುಪಾಲು ಜನ ವಿಕಾಸವನ್ನೂ ನಂಬುತ್ತಾರೆಂದು ಅದರಲ್ಲಿ ಸೊಗಸಾಗಿ ಬಣ್ಣ ಬಳಿದು ತೋರಿಸಲಾಗಿತ್ತು. ಅದನ್ನು ಓದಿದ ಮಾವನವರ ಮುಖ, ಬೇರೆ ಊರಿನ ಬಸ್ಸು ಹತ್ತಿ ಟಿಕೆಟ್ಟನ್ನೂ ತೆಗೆದುಕೊಂಡುಬಿಟ್ಟವನ ಮುಖದಂತಾಯಿತು. ವಿಕಾಸಕ್ಕೆ ಕೋಟ್ಯಂತರ ವರ್ಷ ಹಿಡಿಯುತ್ತದೆಂದು ತಿಳಿದವರು ಹೇಳುತ್ತಾರೆ. ನಮ್ಮ ಮಾವನವರು ಒಂದು ಲೋಟ ಚಹಾ ಆರುವಷ್ಟರಲ್ಲಿ ವಿಕಾಸದಿಂದ ಸೃಷ್ಟಿಗೆ ಬಂದು ಮುಟ್ಟಿದರು. ಅತ್ತೆಯವರ ಬದಲಾವಣೆ ಇನ್ನೂ ಬೇಗ, ಕಣ್ಣೆದುರೇ ಆದದ್ದರಿಂದ ಅದನ್ನು ಸೃಷ್ಟಿಯೆಂದೇ ಕರೆಯಬೇಕು. ಅಂದಿನಿಂದ ಅತ್ತೆಯವರು ಮಂಗನ ಪರವಾಗಿಯೂ ಮಾವನವರು ದೇವರ ಪರವಾಗಿಯೂ ವಾದಿಸತೊಡಗಿದರು. ಮೊದಲು ತಾವೇ ಆಡಿದ್ದ ಮಾತನ್ನು ಎದುರಿನವರ ಬಾಯಲ್ಲಿ ಕೇಳಿದಾಗ ಇಬ್ಬರಿಗೂ ಎಲ್ಲಿಲ್ಲದ ಕೋಪ ಬರುತ್ತಿತ್ತು.

ಇದೇ ಸಮಯಕ್ಕೆ ನಮ್ಮ ಬೀದಿಯ ಕೊನೆಯ ವಸ್ತುಸಂಗ್ರಹಾಲಯದಲ್ಲಿ, ಬಗ್ಗಿದ ಮಂಗ ಮೆಲ್ಲಮೆಲ್ಲಗೆ ನೆಟ್ಟಗಾಗಿ ಮನುಷ್ಯನಾಗುವ ಗೋಡೆಚಿತ್ರವೊಂದನ್ನು ಬರೆಸಿದರು. ಕೊಡೆಯವರು ಅದನ್ನು ಅಳಿಸಬೇಕೆಂದರು, ಬುಟ್ಟಿಯವರು ಎದುರಿನ ಗೋಡೆಗೂ ಬರೆಸಬೇಕೆಂದರು. ಮಾವನವರನ್ನು ಒಂದು ಹೋರಾಟ ಸಮಿತಿಗೂ ಅತ್ತೆಯವರನ್ನು ಇನ್ನೊಂದಕ್ಕೂ ಸೇರಿಸಿಕೊಂಡರು. ಎರಡೂ ಕಡೆಯ ಬ್ಯಾನರು ಹೊಲಿದುಕೊಟ್ಟವಳು ನಾನು. ಬಟ್ಟೆ ಒಂದೇ ಥಾನಿನದು, ಅಂಚು ಮಾತ್ರ ಬೇರೆ. ನನ್ನ ಯಜಮಾನರು ಲಾರಿಯ ಮೇಲೆ ದೂರದ ಊರುಗಳಲ್ಲಿದ್ದರು. ಫೋನಿನಲ್ಲಿ ಸಂಗತಿ ಹೇಳಿದರೆ, "ಇಬ್ರೂ ಸರಿ ಅಂದುಬಿಡು" ಎಂದು ಸುಲಭದಲ್ಲಿ ಪಾರಾದರು.

ಮನೆಯಲ್ಲಿ ಮಾತು ನಿಂತಿತು. ಅತ್ತೆಯವರ ಹಾಸಿಗೆ ನನ್ನ ಹೊಲಿಗೆ ಯಂತ್ರದ ಪಕ್ಕಕ್ಕೆ ಬಂತು. ಮಾವನವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು ತಿನ್ನಿಸಿ ಮಾತ್ರೆ ಕೈಗಿಡುವುದು ಅತ್ತೆಯವರ ಕೆಲಸವಾಗಿತ್ತು. ಮಾತು ಬಿಟ್ಟ ಮೇಲೆ ಮಾವನವರು ಮಾತ್ರೆಯನ್ನು ತಾವೇ ತೆಗೆದುಕೊಳ್ಳುತ್ತಿದ್ದರು, ಬ್ರೆಡ್ಡನ್ನು ಮಾತ್ರ ಸ್ವಾಭಿಮಾನದಿಂದ ಮುಟ್ಟುತ್ತಿರಲಿಲ್ಲ. ಕೆಲಸದ ಭರದಲ್ಲಿ ಇದು ನನ್ನ ಕಣ್ಣಿಗೂ ಬೀಳಲಿಲ್ಲ.

ಪ್ರತಿಭಟನೆಯ ದಿನ ಸಂಗ್ರಹಾಲಯದ ಗೇಟಿನ ಆಚೆ ಈಚೆ ಎರಡೂ ಪಕ್ಷದವರು ನಿಂತು ಕೂಗುತ್ತಿದ್ದಾಗ ಮಾವನವರು, ಸೃಷ್ಟಿಕರ್ತನ ಜಯಕಾರದ ನಡುವೆಯೇ, ನೆನೆದ ಬಟ್ಟೆಯ ಗಂಟಿನಂತೆ ಕುಸಿದರು. ಅತ್ತೆಯವರು ರಸ್ತೆ ದಾಟಲು ಹೊರಟರೆ ಅವರ ಸಮಿತಿಯ ಕಾರ್ಯದರ್ಶಿ, "ಆ ಕಡೆ ಹೋಗ್ಬೇಡಿ ಅಮ್ಮಾ, ಕ್ಯಾಮೆರಾ ಇದೆ" ಎಂದು ತೋಳು ಹಿಡಿದರು. "ಇದ್ರೆ ಇರ್ಲಿ ಬಿಡ್ರೀ, ನಮ್ಮನೆಯವ್ರು ಬಿದ್ದಿದಾರೆ!" ಎಂದು ಕೊಸರಿಕೊಂಡು ಓಡಿದ ಅತ್ತೆಯವರು, ಸೃಷ್ಟಿಯ ಫಲಕವನ್ನು ಗಂಡನ ತಲೆಯಡಿ ಇಟ್ಟು, ವಿಕಾಸದ ಫಲಕದಿಂದ ಗಾಳಿ ಹಾಕುತ್ತಾ ಆಂಬುಲೆನ್ಸಿಗೆ ಕಾದರು. ಮಾವನವರು ಬಿದ್ದದ್ದು ಅವಮಾನ ತಾಳದೆ ಎಂದು ಕೊಡೆಯವರು ಹೇಳಿಕೆ ಕೊಟ್ಟರು, ಸತ್ಯ ತಾಳದೆ ಎಂದು ಬುಟ್ಟಿಯವರು ಕೊಟ್ಟರು. ರಕ್ತದಲ್ಲಿ ಸಕ್ಕರೆ ಸಾಲದೆ ಎಂದು ಡಾಕ್ಟರು ಹೇಳಿದ್ದನ್ನು ಯಾರೂ ಪ್ರಕಟಿಸಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದೂ ಅವರು ಹೇಳಿದರು. ಅದನ್ನು ಕೇಳಿ ಅತ್ತೆಯವರು ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು.

ವಾರ್ಡಿನಲ್ಲಿ ಮಾವನವರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನಿಜ ಹೇಳು, ಮಂಗನಿಂದ ಬಂದ್ವಿ ಅಂತ ನೀನು ನಂಬ್ತೀಯಾ?"

"ನಂಗೇನ್ ಗೊತ್ರೀ? ಅವತ್ತು ಆ ಹುಡುಗಿ ಕೇಳಿದ್ಲು, ಬಾಯಿಗೆ ಬಂದಿದ್ದು ಹೇಳ್ದೆ. ನೀವು?"

"ನಂಗೂ ಗೊತ್ತಿಲ್ಲ ಕಣೆ."

ಅಷ್ಟಾದ ಮೇಲೆ ಅವರಿಬ್ಬರೂ, ತಮ್ಮ ಸಮೀಕ್ಷೆಯ ಯಾವ ಪ್ರಶ್ನೆಗೂ ದೊರೆಯದಂಥ ಆಸಕ್ತಿಯಿಂದ, ಬಿಕ್ಕಳಿಕೆ ಏಕೆ ಬರುತ್ತದೆ, ಅಂಗೈಯಲ್ಲಿ ಗೆರೆ ಏಕಿವೆ, ಮೊದಲು ನಕ್ಕವರು ಯಾರಿರಬಹುದು ಎಂದು ಸಂಜೆಯವರೆಗೆ ಮಾತಾಡಿದರು. ಡ್ರಿಪ್ಪಿನ ಸೂಜಿ ಚುಚ್ಚಿದ್ದ ಗಂಡನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡಿದ್ದ ಅತ್ತೆಯವರು, "ಯಾರು ಮಾಡಿದ್ದೋ, ಹೆಂಗಾಯ್ತೋ, ಕೈಯಂತೂ ಚೆನ್ನಾಗಿದೆ" ಎಂದರು. ನಾನು ಫ್ಲಾಸ್ಕು ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಮಾವನವರು ಈಗ ಮನೆಗೆ ಬಂದಿದ್ದಾರೆ, ಬ್ರೆಡ್ಡು ತಿನ್ನುತ್ತಿದ್ದಾರೆ. ಇಬ್ಬರೂ ಸಮಿತಿಗಳಿಗೆ ರಾಜೀನಾಮೆ ಕೊಟ್ಟಿದ್ದಾರೆ. ಗೋಡೆಚಿತ್ರಕ್ಕೆ ಪರದೆ ಹಾಕಿ, ದಿನ ಬಿಟ್ಟು ದಿನ ತೆರೆಯುವುದೆಂದು ಆಡಳಿತದವರು ತೀರ್ಮಾನಿಸಿದ್ದಾರೆ. ಆದ್ದರಿಂದ ಮಾನ್ಯರೇ, ತಮ್ಮ ಕಂಪ್ಯೂಟರಿನಲ್ಲಿ ಇನ್ನೂ ಬಿದ್ದಿರುವ ನಮ್ಮ ಹಿರಿಯರ ಅಭಿಪ್ರಾಯಗಳನ್ನು ಹೊರತೆಗೆದು, ಧೂಳು ಕೊಡವಿ, ಅಂಚೆಯ ಮೂಲಕ ಹಿಂದಿರುಗಿಸಬೇಕಾಗಿ ಪ್ರಾರ್ಥನೆ. ತಮ್ಮ ನಕ್ಷೆಯ ಅಂಚಿನಲ್ಲಿ "ಗೊತ್ತಿಲ್ಲ" ಎನ್ನುವವರಿಗಾಗಿ ನೂಲೆಳೆಯಷ್ಟು ಬೂದು ಪಟ್ಟಿಯೊಂದಿದೆ. ಅದನ್ನು ಇಬ್ಬರು ವಯಸ್ಸಾದವರು ಒತ್ತೊತ್ತಿಗೆ ಕೂರುವಷ್ಟಾದರೂ ಅಗಲ ಮಾಡಿಸಿ, ಸಾಧ್ಯವಾದರೆ ಒಂದು ಫ್ಯಾನು ಹಾಕಿಸಿಕೊಡಬೇಕು. ಮುಂದಿನ ಬಾರಿ ಈ ಸಂಬಂಧವನ್ನು ಘೋಷಿಸುವ ಮುನ್ನ, ಮಂಗಗಳ ಕಡೆಯವರಿಗೂ ಒಪ್ಪಿಗೆಯಿದೆಯೇ ಎಂದು ದಯವಿಟ್ಟು ವಿಚಾರಿಸಬೇಕು.

ಯಾವ ಬಣ್ಣಕ್ಕೂ ಸೇರದೆ ಉಳಿದಿರುವ,
ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ದರ್ಜಿ

ತಾ.ಕ.: ವರದಿಯ ತಳದಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, "ಶೇಕಡಾ ಮೂರರಷ್ಟು ಏರುಪೇರು ಇರಬಹುದು" ಎಂದು ತಾವು ಅಚ್ಚು ಹಾಕಿಸಿದ್ದೀರಿ. ನಮ್ಮ ಮನೆಯೊಂದರಲ್ಲೇ ಅದು ಶೇಕಡಾ ನೂರಕ್ಕೆ ಮುಟ್ಟಿದೆ. ಹಾಗಿದ್ದೂ ಒಟ್ಟು ಲೆಕ್ಕ ಮೂರರಲ್ಲೇ ನಿಂತಿದೆಯೆಂದರೆ, ಉಳಿದ ಮನೆಗಳಲ್ಲಿ ತಾವು ಅದೆಷ್ಟು ಸರಿಯಾಗಿರಬೇಕು ಎಂದು ನೆನೆದು ಮೈ ಜುಮ್ಮೆನ್ನುತ್ತದೆ.