ಕಪ್ ಗೆದ್ದವರಿಗೆ ಕಾಫಿ ಕಾಯಿಸುವ ಕೆಲಸ

ಮಾನ್ಯರಲ್ಲಿ ಮಾನ್ಯರಾದ, ಹೆಲ್ಗೆಫೋರ್ಸ್ ಫುಟ್‌ಬಾಲ್ ಸಂಘದ ಅಧ್ಯಕ್ಷ ಹೋಲ್ಗರ್ ಬ್ಯೂರ್ಮನ್ ಅವರ ಸನ್ನಿಧಿಗೆ ಗುನ್ವೋರ್ ಸೆಲಿನ್ ಮಾಡುವ ಸವಿನಯ ನಮಸ್ಕಾರಗಳು. ನಮ್ಮ ಸ್ವೀಡನ್ನಿನಲ್ಲಿ ಎಲ್ಲರೂ ಎಲ್ಲರನ್ನೂ ನೀನು ಎಂದೇ ಕರೆಯುತ್ತೇವೆ, ನಿಜ. ಆದರೆ ಸಿಟ್ಟು ನೆತ್ತಿಗೇರಿದಾಗ ತಾವು ಎನ್ನುವುದರ ಸುಖವೇ ಬೇರೆ.

ಶತಮಾನೋತ್ಸವಕ್ಕೆಂದು ತಾವು ಬರೆದ ಸಂಘದ ಇತಿಹಾಸವನ್ನು ಓದಿ ಧನ್ಯಳಾದೆ. ಅರವತ್ತೊಂದರಲ್ಲಿ ನಮ್ಮ ಗಂಡಸರು ಮೇಲಿನ ದರ್ಜೆಗೇರಿ, ಅಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ ಮರುವರ್ಷವೇ ಇಳಿದು ಬಂದ ಸಾಹಸಕ್ಕೆ ಇಡೀ ಒಂದು ಅಧ್ಯಾಯ! ಮುಂದೊಮ್ಮೆ ಗೋಲುಕಂಬಕ್ಕೆ ಬಡಿದು ಹೊರಗೆ ಹೋದ ತಮ್ಮ ಸ್ವಂತ ಹೊಡೆತಕ್ಕೆ, ಚಿತ್ರಸಮೇತ, ಇನ್ನೊಂದು. ಅದೇನಾದರೂ ಒಳಗೆ ಹೋಗಿದ್ದರೆ ಎರಡನೆಯ ಸಂಪುಟವೇ ಬೇಕಾಗುತ್ತಿತ್ತು.

ಈ ಸಂಘ ನೂರು ವರ್ಷಗಳಲ್ಲಿ ಗೆದ್ದ ಏಕೈಕ ಕಪ್, ಎಂಬತ್ತೆರಡರಲ್ಲಿ ನಾವು ಹೆಂಗಸರು ಗೆದ್ದ ಜಿಲ್ಲಾ ಕಪ್, ತಮ್ಮ ಪುಸ್ತಕದಲ್ಲಿ ಎಲ್ಲಿದೆಯೆಂದು ಹುಡುಕಿದೆ. ಸಿಕ್ಕಿತು, ಪುಣ್ಯಕ್ಕೆ! ಕೊನೆಯ ಪುಟದ ಚಿತ್ರದಲ್ಲಿ ಸಕ್ಕರೆ ತುಂಡುಗಳನ್ನು ತುಂಬಿಕೊಂಡು ಕಾಫಿ ಮೇಜಿನ ಮೇಲೆ ಕೂತಿದೆ. ಪಕ್ಕದಲ್ಲಿ ಕೆಟಲ್ ಹಿಡಿದು ನಿಂತವಳು ನಮ್ಮ ಗೋಲ್‌ಕೀಪರ್ ಮೈಕೆನ್; ಫೈನಲ್ಲಿನ ಕೊನೆಯ ಪೆನಾಲ್ಟಿಯನ್ನು ಬೆರಳು ಮುರಿದುಕೊಂಡು ತಡೆದವಳು. ಕೆಳಗೆ ತಾವು ಬರೆಸಿದ್ದೀರಿ: ‘ನಮ್ಮ ಅಕ್ಕರೆಯ ಕಾಫಿ ತಂಡ’.

ಈಗ ಉತ್ಸವದ ಔತಣ. ಹಳೆಯ ಆಟಗಾರರಿಗೆಲ್ಲ ಜಿಂಕೆ ಮಾಂಸದ ಊಟ. ಹಳೆಯ ಆಟಗಾರ್ತಿಯರಿಗೆ, ದಾಲ್ಚಿನ್ನಿ ಬನ್ನು ಬೇಯಿಸಿಕೊಂಡು ಬೇಗ ಬಂದು ಒಲೆ ಹಚ್ಚಿರೆಂಬ ಅಪ್ಪಣೆ. ಮೈಕೆನ್ ಫೋನಿನಲ್ಲಿ ಅಂದಳು: “ನಾ ಬರಲ್ಲ ಕಣೇ. ಮರೆತಿದ್ರೆ ಹೋಗ್ಲಿ ಅನ್ಬೋದಿತ್ತು. ನೆನಪಿಟ್ಕೊಂಡೂ ಒಲೆ ಮುಂದೇನೇ ನಿಲ್ಲಿಸ್ತಾರಲ್ಲ!” ಎಪ್ಪತ್ತಾರು ವರ್ಷದ ಗಟ್ಟಿಗಿತ್ತಿ ಅಳುತ್ತಿದ್ದಳು, ಮಹಾಸ್ವಾಮಿ.

ಆದ್ದರಿಂದ ಒಂದು ಸಣ್ಣ ಬಿನ್ನಹ. ಆ ಗೋಲುಕಂಬವನ್ನು ಒಂದು ಗೇಣು ಆಚೆ ಸರಿಸಿ, ತಮ್ಮ ಹೊಡೆತವನ್ನು ಗೋಲೆಂದು ಘೋಷಿಸಿಕೊಳ್ಳಿ. ನಾವು ಚಪ್ಪಾಳೆಯನ್ನೂ ತಟ್ಟುತ್ತೇವೆ. ಬದಲಿಗೆ ಆ ಕಪ್ಪಿನಿಂದ ಸಕ್ಕರೆ ಸುರಿದು, ತೊಳೆದು, ಮೈಕೆನ್‌ಳನ್ನು ಅದರ ಪಕ್ಕ ಊಟಕ್ಕೆ ಕೂರಿಸಿ.

ತಮ್ಮ ವಿಶ್ವಾಸಿ, ಕಪ್ ಗೆದ್ದ ತಂಡದ ಎಡಬದಿಯ ಆಟಗಾರ್ತಿ,
ಗುನ್ವೋರ್ ಸೆಲಿನ್

ಮರೆತ ಮಾತು: ಔತಣಕ್ಕೆ ಮುಂಚೆ ವಾರ್ಷಿಕ ಸಭೆಯಿದೆಯಷ್ಟೆ. ಸಂಘದಲ್ಲಿ ತಲೆಗೊಂದೇ ಮತ, ಅಧ್ಯಕ್ಷರಿಗೂ ಒಂದೇ. ಪ್ರತಿ ವರ್ಷ ಕೈಯೆತ್ತುವ ಹೊತ್ತಿಗೆ ನಾವು ಹೆಂಗಸರು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆವು. ತಾವು ಅವಿರೋಧವಾಗಿ ಆರಿಸಿ ಬರುತ್ತಿದ್ದಿರಿ. ಈ ಸಲ ನಾವೆಲ್ಲ ಸಭೆಯಲ್ಲೇ ಕೂರುತ್ತೇವೆ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಮೈಕೆನ್ ನಿನ್ನೆ ಒಪ್ಪಿದಳು. ಕಾಫಿ ತಾವು ನೋಡಿಕೊಳ್ಳಿ.